ಒಲೆಯ ದೇವತೆಗಳ ಒಡ್ಡೋಲಗ

ವಿಯೆಟ್ನಾಮಿನ ಗೃಹಸ್ಥರು ನಂಬಿರುವಂತೆ ಮನೆಯ ಒಲೆಯಲ್ಲಿ ಇಬ್ಬರು ಪುರುಷರೂ ಒಬ್ಬ ಸ್ತ್ರೀಯೂ ಕೂಡಿ ಮೂವರು ದೇವತೆಗಳು ನೆಲೆಸಿರುವರು. ವರ್ಷವಿಡೀ ಮನೆಯವರ ನಡೆನುಡಿಗಳನ್ನು ನೋಡುತ್ತಿದ್ದು, ಚಾಂದ್ರಮಾನದ ಹನ್ನೆರಡನೆಯ ತಿಂಗಳ 23ನೆಯ ದಿನ ಮೀನನ್ನೇರಿ ಸ್ವರ್ಗಕ್ಕೆ ತೆರಳಿ, ಅಲ್ಲಿಯ ಅಧಿಪತಿಗೆ ಕಂಡುದೆಲ್ಲವನ್ನೂ ಅರಿಕೆಮಾಡುವರು. ಅಂದು ಕಾಗದದ ಟೋಪಿ, ನಿಲುವಂಗಿಗಳನ್ನು ಸುಟ್ಟು ಅವರಿಗೆ ಅರ್ಪಿಸುವುದೂ, ಜೀವಂತ ಮೀನುಗಳನ್ನು ಕೆರೆಹೊಳೆಗಳಿಗೆ ಬಿಡುವುದೂ ಇಂದಿಗೂ ನಡೆದುಬಂದಿದೆ. ಈ ವಿಶ್ವಾಸವನ್ನೇ ಹಂದರವಾಗಿ ಮಾಡಿಕೊಂಡು ಅಲ್ಲಿಯ ಸರ್ಕಾರಿ ದೂರದರ್ಶನವಾದ ವಿ.ಟಿ.ವಿ. 2003ರಲ್ಲಿ ಆರಂಭಿಸಿದ, ಚಾಂದ್ರಮಾನದ ಹೊಸವರ್ಷವಾದ ತೇತ್ ಹಬ್ಬದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಕೂಡಿ ನೋಡುವ ಹಾಸ್ಯರೂಪಕವೇ ‘ತಾವ್ ಕ್ವಾನ್’.

ರೂಪಕದ ಚಾತುರ್ಯವೆಲ್ಲ ಒಂದು ಸಣ್ಣ ಪಲ್ಲಟದಲ್ಲಿದೆ. ಮನೆಮನೆಯ ಒಲೆಯಲ್ಲಿದ್ದ ದೇವತೆಗಳು ಇಲ್ಲಿ ಖಾತೆಗೊಬ್ಬರಾಗಿದ್ದಾರೆ: ಸಂಚಾರದ ದೇವತೆ, ಆರ್ಥಿಕ ದೇವತೆ, ಆರೋಗ್ಯದ ದೇವತೆ, ಶಿಕ್ಷಣದ ದೇವತೆ. ಮಂತ್ರಿಗಳ ಹೆಸರೆತ್ತದೆಯೇ ಮಂತ್ರಿಗಳನ್ನು ಕಟಕಟೆಯಲ್ಲಿ ನಿಲ್ಲಿಸುವ ಈ ಉಪಾಯ, ಅಂಕೆಯಿರುವ ನಾಡಿನಲ್ಲಿ ಹಾಸ್ಯವು ಕಂಡುಕೊಂಡ ಹಿತ್ತಿಲ ಬಾಗಿಲು. ಸಂಚಾರದ ದೇವತೆಯಾಗಿ ಚೀ ತ್ರುಂಗ್, ಆರ್ಥಿಕ ದೇವತೆಯಾಗಿ ಕ್ವಾಂಗ್ ಥಾಂಗ್, ಆರೋಗ್ಯದ ದೇವತೆಯಾಗಿ ವಾನ್ ಜುಂಗ್ ವರ್ಷವರ್ಷವೂ ಅದೇ ವೇಷದಲ್ಲಿ ಮರಳಿ ಬಂದುದರಿಂದ, ಪ್ರೇಕ್ಷಕರು ಅವರನ್ನು ಹಬ್ಬಕ್ಕೆ ಬರುವ ನೆಂಟರಂತೆ ನಿರೀಕ್ಷಿಸಲಾರಂಭಿಸಿದರು.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದುದು ವರದಿ ಒಪ್ಪಿಸುವ ಬಗೆ. ಕಚೇರಿಯ ಕಡತದಲ್ಲಿ ಒಣಗಿ ಬಿದ್ದಿರಬಹುದಾದ ವಾರ್ಷಿಕ ವರದಿಯನ್ನು ದೇವತೆಗಳು, ಆ ವರ್ಷ ಜನರ ಬಾಯಲ್ಲಿ ನಲಿದಾಡಿದ ಹಾಡುಗಳ ಮಟ್ಟುಗಳಿಗೆ ಹೊಸ ಮಾತುಗಳನ್ನು ಹೊಂದಿಸಿ, ಕುಣಿದು ಒಪ್ಪಿಸುತ್ತಾರೆ. ವಿರಹಗೀತೆಯ ಧಾಟಿಯಲ್ಲಿ ರಸ್ತೆಯ ದಟ್ಟಣೆಯೋ ಬೆಲೆಯೇರಿಕೆಯೋ ಕೇಳಿಬಂದಾಗ, ಶೋಕವೆಂದು ಕಿವಿ ಹಿಡಿದುದನ್ನು ಬುದ್ಧಿಯು ದೂರೆಂದು ತಿಳಿಯುವಷ್ಟರಲ್ಲಿ ನಗೆ ಉಕ್ಕಿರುತ್ತದೆ. ಇದು ಅಗ್ಗದ ಅಣಕವಲ್ಲ. ರಾಗಕ್ಕೂ ಅರ್ಥಕ್ಕೂ ಉದ್ದೇಶಪೂರ್ವಕವಾಗಿ ಜಗಳ ಹಚ್ಚುವ ವಿದ್ಯೆ.

ಆದರೆ ಕ್ವೋಕ್ ಖಾನ್ ಧರಿಸುವ ಸ್ವರ್ಗಾಧಿಪತಿಯ ಪಾತ್ರವನ್ನು ನೋಡಿರಿ. ಆತನು ಕೆಲವೊಮ್ಮೆ ಪೆದ್ದನಂತೆ ತೋರಬಹುದು, ಗದರಬಹುದು, ಮೋಸಹೋಗಲೂಬಹುದು. ಅಪರಾಧಿಯಂತೂ ಎಂದಿಗೂ ಆಗನು. ತಪ್ಪೆಲ್ಲ ಕೆಳಗಿನ ಅಧಿಕಾರಿಗಳದು, ಮೇಲಿನವನ ತಪ್ಪು ಅರಿಯದಿದ್ದುದಷ್ಟೇ. ನಮ್ಮ ಸಂಸ್ಕೃತ ನಾಟಕದ ವಿದೂಷಕನಾದರೂ ರಾಜನ ದೌರ್ಬಲ್ಯವನ್ನೇ ಮುಟ್ಟಿ ಚುಚ್ಚುವನು. ಇಲ್ಲಿಯ ವಿಡಂಬನೆಯು ಸಿಂಹಾಸನದ ಮೆಟ್ಟಿಲವರೆಗೆ ಬಂದು ಅಲ್ಲಿಯೇ ಕೈಮುಗಿಯುತ್ತದೆ. ಇದನ್ನು ದೋಷವೆನ್ನುವುದಕ್ಕೆ ನನ್ನ ಮನಸ್ಸು ಪೂರ್ತಿ ಒಪ್ಪದು. ಆ ಮಿತಿಯನ್ನು ಒಪ್ಪದಿದ್ದರೆ ಆ ಪರದೆಯ ಮೇಲೆ ಈ ರೂಪಕವೇ ಇರುತ್ತಿರಲಿಲ್ಲ. ಒಂದು ಇಡೀ ನಾಡಿನ ಮನೆಗಳಲ್ಲಿ ಆಡಳಿತದ ಲೋಪಗಳನ್ನು ಹಬ್ಬದ ರಾತ್ರಿ ಗಟ್ಟಿಯಾಗಿ ಹೇಳಿ ನಗುವುದೂ ಸಣ್ಣ ಸಂಗತಿಯಲ್ಲ. 2020ರಲ್ಲಿ ಇದನ್ನು ನಿಲ್ಲಿಸಿ ಬೇರೊಂದು ಕಾರ್ಯಕ್ರಮವನ್ನು ಇಟ್ಟು ನೋಡಿದ ವಾಹಿನಿಯು ಮರುವರ್ಷವೇ ದೇವತೆಗಳನ್ನು ಹಿಂದಕ್ಕೆ ಕರೆತರಬೇಕಾಯಿತು.

ನಿಜವಾದ ದೋಷವಿರುವುದು ಸಿಂಹಾಸನದ ಪಕ್ಕದಲ್ಲಿ. ಅಧಿಪತಿಯ ಇಬ್ಬದಿಯ ಮಂತ್ರಿಗಳಾದ ನಾಮ್ ತಾವ್ ಮತ್ತು ಬಾಕ್ ದೌ ಎಂಬುವರನ್ನು ಸ್ವಾನ್ ಬಾಕ್, ಕೋಂಗ್ ಲೀ ಎಂಬ ನಟರು ಬಹುಕಾಲ ಅಭಿನಯಿಸಿದರು. ಜಾನಪದ ನಂಬಿಕೆಯಲ್ಲಿ ಮರಣದ ಲೆಕ್ಕವನ್ನಿಡುವ ಗಂಭೀರ ದೇವತೆಯಾದ ಬಾಕ್ ದೌ, ರಂಗದ ಮೇಲೆ ಹೆಣ್ಣಿಗನೆಂಬ ಒಂದೇ ಗುಣದ ಗೊಂಬೆಯಾದನು. ಆತನ ನಡಿಗೆ, ದನಿ, ಉಡುಪುಗಳನ್ನು ಹಿಡಿದು ಸಹಪಾತ್ರಗಳು ಹೀಯಾಳಿಸಿದಾಗಲೆಲ್ಲ ನಗೆ ಖಚಿತವಾಗಿ ದೊರೆಯಿತು. ಲೈಂಗಿಕ ಅಲ್ಪಸಂಖ್ಯಾತರ ಪರವಾದ ಅಲ್ಲಿಯ ಸಂಘಟನೆಗಳು ಇದನ್ನು ಬಹಿರಂಗವಾಗಿ ಖಂಡಿಸಿದುದು ನ್ಯಾಯವೇ. ಸಿಂಹಾಸನವನ್ನು ಮುಟ್ಟದಿರುವುದು ಕಾಲದೇಶಗಳ ನಿರ್ಬಂಧವೆಂದು ಕ್ಷಮಿಸಬಹುದು. ಆದರೆ ಬಾಕ್ ದೌವನ್ನು ಹೀಗೆಯೇ ನಗೆಪಾಟಲಾಗಿಸಬೇಕೆಂದು ಲೇಖಕರಿಗೆ ಯಾವ ಅಧಿಕಾರಿಯೂ ಆಜ್ಞೆ ಮಾಡಿರಲಾರನು.