ಅಕ್ಕದೇವತೆಗಳ ಮುನಿಸು: ಕೋಲಾರ ಸೀಮೆಯ ನೀರಕನ್ಯೆಯರ ನಂಬಿಕೆ

ಕೋಲಾರ ಸೀಮೆಯ ಅಕ್ಕದೇವತೆಗಳು ಏಳು ಮಂದಿ ಅಕ್ಕತಂಗಿಯರು. ಕೆರೆ, ಕುಂಟೆ, ಬಾವಿಗಳ ಬಳಿ ನೆಲೆಸಿದ ಕನ್ಯೆಯರು ಎಂಬುದು ನಂಬಿಕೆ. ಇವರಿಗೆ ಗುಡಿಗೋಪುರ ಬೇಕಿಲ್ಲ. ಕೆರೆ ಏರಿಯ ಬದಿಯಲ್ಲೋ ಬೇವಿನ ಬುಡದಲ್ಲೋ ಸಾಲಾಗಿ ನೆಟ್ಟ ಏಳು ಕಲ್ಲುಗಳೇ ಮೂರ್ತಿ. ಕಲ್ಲಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಹೂ ಮುಡಿಸಿ, ಬಳೆ ಬಿಚ್ಚೋಲೆ, ತಂಬಿಟ್ಟು ಇಟ್ಟರೆ ಪೂಜೆಯಾಯಿತು. ಬೇಡುವುದು ಮಳೆಯನ್ನು, ಮಕ್ಕಳನ್ನು, ಮನೆಯ ನೆಮ್ಮದಿಯನ್ನು.

ಕೊಡುವ ಈ ಕೈಗಳೇ ಕಾಡುತ್ತವೆ. ನಡುಹಗಲಲ್ಲೋ ಮುಚ್ಚಂಜೆಯಲ್ಲೋ ಒಂಟಿಯಾಗಿ ನೀರಿನ ಬಳಿ ಹೋದವರಿಗೆ, ಹೊಸದಾಗಿ ಮೈನೆರೆದ ಹುಡುಗಿಗೆ, ಬಾಣಂತಿಗೆ, ಹಸುಗೂಸಿಗೆ 'ಗಾಳಿ ಸೋಕುತ್ತದೆ'. ಮಗು ಬೆಚ್ಚಿಬಿದ್ದು ಹಾಲು ಬಿಟ್ಟರೆ, ಹುಡುಗಿ ಮಂಕಾಗಿ ಕೂತರೆ ಮನೆಯವರು ಶಾಸ್ತ್ರ ಕೇಳುತ್ತಾರೆ. ಅಕ್ಕಂದಿರ ಮುನಿಸು ಎಂದು ತಿಳಿದರೆ ನಿವಾಳಿಸಿ, ಅಂತ್ರ ಕಟ್ಟಿಸಿ, ಹರಕೆ ಒಪ್ಪಿಸುತ್ತಾರೆ.

ಈ ಇಬ್ಬಗೆಗೆ ಬೇರು ಆಳವಾಗಿದೆ. ಮಹಾಭಾರತದ ವನಪರ್ವದಲ್ಲಿ ಸ್ಕಂದನ ಸುತ್ತಲಿನ ಮಾತೃಕೆಯರು ಹದಿನಾರು ವರ್ಷ ತುಂಬುವವರೆಗೂ ಮಕ್ಕಳನ್ನು ಪೀಡಿಸಬಲ್ಲವರು; ಪೂಜಿಸಿದರೆ ಕಾಯುವವರೂ ಅವರೇ. ಸುಶ್ರುತ ಸಂಹಿತೆಯ ಉತ್ತರತಂತ್ರವು ಪೂತನಾ, ರೇವತಿ, ಶಕುನಿ ಮೊದಲಾದ ಒಂಬತ್ತು ಬಾಲಗ್ರಹಗಳನ್ನು ಹೆಸರಿಸಿ, ಲಕ್ಷಣ ಮತ್ತು ಚಿಕಿತ್ಸೆಯನ್ನು ಹೇಳುತ್ತದೆ. ಚೋಳರ ಕಾಲದ ಶಾಸನಗಳಿರುವ ಕೋಲಾರಮ್ಮನ ಗುಡಿಯಲ್ಲಿ ಸಪ್ತಮಾತೃಕೆಯರಿದ್ದಾರೆ. ಅಲ್ಲಿಯೇ ಚೇಳಮ್ಮನೂ ಇದ್ದಾಳೆ. ಚೇಳು ಕಚ್ಚದಿರಲೆಂದು ಚೇಳಿನ ದೇವಿಗೇ ಹರಕೆ ಹೊರುವಲ್ಲಿ ಇದೇ ತರ್ಕವಿದೆ: ಕೇಡು ತರಬಲ್ಲವಳೇ ಕೇಡನ್ನು ತಡೆಯಬಲ್ಲಳು.

ಹಳೆ ಮೈಸೂರಿನ ಜಕ್ಕಿಣಿ ಇದೇ ಬಳಗದವಳು, ಆದರೆ ಮನೆಯೊಳಗಿನವಳು. ಮುತ್ತೈದೆಯಾಗಿ ತೀರಿಕೊಂಡ ಮೊದಲ ಹೆಂಡತಿ ಸವತಿಯನ್ನೂ ಮಕ್ಕಳನ್ನೂ ಕಾಡದಿರಲೆಂದು ಅವಳ ಹೆಸರಿನಲ್ಲಿ ಸೀರೆ ಇಟ್ಟು ಎಡೆ ಹಾಕುತ್ತಾರೆ. ಆಸೆ ತೀರದೆ ಸತ್ತವಳು ಮೋಹಿನಿಯಾಗಿ ಹುಣಸೆಮರ ಹಿಡಿಯುತ್ತಾಳೆ. 'ಕೆರೆಗೆ ಹಾರ' ಜನಪದ ಕಥನಗೀತೆಯ ಭಾಗೀರಥಿಯನ್ನು ಇವರ ಜೊತೆಗಿಟ್ಟು ನೋಡಿದರೆ ಒಳಗುಟ್ಟು ಬಿಚ್ಚಿಕೊಳ್ಳುತ್ತದೆ. ಅಲ್ಲಿ ಬಲಿ ಕೇಳುವುದು ಕೆರೆ. ಕಿರಿಸೊಸೆಯನ್ನು ಆರಿಸಿ ಕೊಡುವುದು ಮನೆ. ಬದುಕಿದ್ದಾಗ ದಕ್ಕದ ಮರ್ಯಾದೆ ಹೆಣ್ಣಿಗೆ ಸತ್ತ ಮೇಲೆ, ಅದೂ ಭಯದ ಮೂಲಕ, ದಕ್ಕುತ್ತದೆ.

ಈ ಪರಂಪರೆಯನ್ನು ಅರ್ಥೈಸಿದ ಎರಡು ದಾರಿಗಳೂ ಅರ್ಧವನ್ನಷ್ಟೇ ಕಂಡಿವೆ. ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ 1916ರಲ್ಲಿ ಪುಸ್ತಕ ಪ್ರಕಟಿಸಿದ ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಆಚರಣೆಗಳನ್ನು ಶ್ರದ್ಧೆಯಿಂದ ದಾಖಲಿಸಿದರೂ ಅವುಗಳಲ್ಲಿ ಮುಖ್ಯವಾಗಿ ಕಂಡದ್ದು ಭಯವನ್ನು. ಏರಿಯ ಮೇಲೆ ತಂಬಿಟ್ಟಿಡುವ ಹೆಂಗಸಿನ ಸಲಿಗೆ ಆ ನೋಟಕ್ಕೆ ಸಿಗುವುದಿಲ್ಲ. ಪುರಾಣದ ದಾರಿ ಅಕ್ಕಂದಿರನ್ನು ಬ್ರಾಹ್ಮಿ, ವೈಷ್ಣವಿ, ಚಾಮುಂಡಿಯರೆಂದು ಗುರುತಿಸಿ, ಅವರ ಹಿಂದಿನ ಊರ ಹೆಣ್ಣುಗಳ ನೋವನ್ನು ಮರೆಸುತ್ತದೆ. ನದಿಯ ಆಸರೆಯಿಲ್ಲದೆ ಕೆರೆಗಳನ್ನೇ ನಂಬಿದ ಈ ಸೀಮೆಯಲ್ಲಿ ಅಕ್ಕಂದಿರ ಭಯ ಮಕ್ಕಳನ್ನು ಆಳನೀರಿನಿಂದ ದೂರ ಇಟ್ಟಿರಲೂ ಸಾಕು.

ಆದರೆ ಈ ಭಯದ ಬೆಲೆ ತೆತ್ತವರು ಹೆಚ್ಚಾಗಿ ಹೆಂಗಸರು. ಗಾಳಿ ಬಿಡಿಸುವ ಹೆಸರಿನಲ್ಲಿ ಹೊಡೆತ, ಬರೆ, ಉಪವಾಸ ಬೀಳುವುದು ಮೊದಲೇ ನೊಂದವಳ ಮೇಲೆ. ಇದು ಈ ನೆಲದ ಕಥೆ ಮಾತ್ರವಲ್ಲ. 1895ರಲ್ಲಿ ಐರ್ಲೆಂಡಿನಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ ಹೆಂಗಸನ್ನು ಕಿನ್ನರರು ಕದ್ದೊಯ್ದು ಬದಲಿಯನ್ನು ಬಿಟ್ಟಿದ್ದಾರೆಂದು ಹೇಳಿ ಗಂಡನೇ ಸುಟ್ಟ. ಕರ್ನಾಟಕದಲ್ಲಿ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದ್ದು, ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಅಪರಾಧವೆನ್ನುತ್ತದೆ.

ಹಾಗಾಗಿ ಅಕ್ಕದೇವತೆಗಳ ಪರಂಪರೆಯನ್ನು ಇಡಿಯಾಗಿ ಮೂಢನಂಬಿಕೆಯೆಂದು ತಳ್ಳುವುದೂ ಸಲ್ಲದು, ಸಂಸ್ಕೃತಿಯೆಂದು ಇಡಿಯಾಗಿ ಅಪ್ಪುವುದೂ ಸಲ್ಲದು. ನೀರಿಗೆ ಗೌರವ, ತೀರಿಹೋದ ಹೆಣ್ಣಿನ ನೆನಪು ಅದರ ಉಳಿಯಬೇಕಾದ ಭಾಗ. ಬದುಕಿರುವ ಹೆಣ್ಣಿನ ಕಾಯಿಲೆಯನ್ನೂ ದುಃಖವನ್ನೂ ಅಕ್ಕಂದಿರ ತಲೆಗೆ ಕಟ್ಟಿ, ಆಸ್ಪತ್ರೆಯ ಬಾಗಿಲಿನಿಂದ ಅವಳನ್ನು ದೂರ ಇಡುವ ಭಾಗಕ್ಕೆ ಮನ್ನಣೆ ಇರಕೂಡದು.