ಹೊಟ್ಟೆಯೊಳಗಿನ ಜರಡಿ

ಡಯಾಲಿಸಿಸ್ ಎಂದೊಡನೆ ಕಣ್ಣ ಮುಂದೆ ಬರುವುದು ಆಸ್ಪತ್ರೆಯ ಯಂತ್ರ. ಆದರೆ ನಮ್ಮ ಹೊಟ್ಟೆಯ ಒಳಪೊರೆಯೇ ಒಂದು ಸೊಗಸಾದ ಜರಡಿ. ಮೆತ್ತನೆಯ ಕೊಳವೆಯಿಂದ ಸುಮಾರು 2 ಲೀಟರ್ ದ್ರಾವಣ ಹೊಟ್ಟೆಗೆ ಬಿಟ್ಟರೆ ರಕ್ತದ ಕಸ ಪೊರೆ ದಾಟಿ ಅದರೊಳಗೆ ಇಳಿಯುತ್ತದೆ. ದ್ರಾವಣದ ಗ್ಲೂಕೋಸ್ ಮೈಯಲ್ಲಿ ಹೆಚ್ಚಾದ ನೀರನ್ನೂ ಸೆಳೆಯುತ್ತದೆ. ಕೆಲವು ತಾಸು ಬಿಟ್ಟು ಅದನ್ನು ಹೊರಹರಿಸಿ ಹೊಸದನ್ನು ತುಂಬಬೇಕು, ಸಾಮಾನ್ಯವಾಗಿ ದಿನಕ್ಕೆ 4 ಸಲ. ವಿದ್ಯುತ್ತು ಬೇಡ, ಸೂಜಿ ಚುಚ್ಚಬೇಕಿಲ್ಲ. 1976ರಲ್ಲಿ ಅಮೆರಿಕದ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಮುಂದಿಟ್ಟ ಈ ವಿಧಾನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಿಗೆ ಹೇಳಿ ಮಾಡಿಸಿದಂತಿದೆ. ಯಂತ್ರದ ಡಯಾಲಿಸಿಸ್‌ಗೆ ವಾರಕ್ಕೆ 2–3 ಸಲ ಬಸ್ಸು ಹತ್ತಬೇಕು, ಪ್ರತಿ ಸಲ ಸುಮಾರು 4 ತಾಸು ಮಲಗಬೇಕು, 120 ಲೀಟರ್‌ನಷ್ಟು ಶುದ್ಧೀಕರಿಸಿದ ನೀರು ಬೇಕು. ಕೂಲಿಯವನ ಪಗಾರವೂ ಹೋಯಿತು, ಜೊತೆಗೆ ಬಂದವರ ದಿನವೂ ಹೋಯಿತು.

ಸೋಂಕು ತಗಲೀತಲ್ಲ ಎಂಬ ಆಕ್ಷೇಪ ನಿಜವಾದದ್ದೇ. ಆದರೆ ಸಾಬೂನಿನಿಂದ ಕೈ ತೊಳೆದು, ಮಾಸ್ಕ್ ಕಟ್ಟಿ, ಕೊಳವೆ ಜೋಡಿಸುವ ಶಿಸ್ತು ಓದು ಬರದವರೂ ಕಲಿಯಬಲ್ಲದ್ದು; ಹದವರಿತು ಹಾಲಿಗೆ ಹೆಪ್ಪು ಹಾಕುವ ಕೈಗೆ ಅದು ಅಸಾಧ್ಯವೇ? ಕಿಡ್ನಿ ಕಸಿಯೇ ಮೇಲಲ್ಲವೇ ಎಂದರೆ, ಸಾಧ್ಯವಿದ್ದವರಿಗೆ ಮೇಲೇ. ದಾನಿ ಸಿಗುವ ತನಕ ಬದುಕು ನಡೆಯಬೇಕಲ್ಲ. ದ್ರಾವಣದ ಚೀಲಗಳ ಖರ್ಚೇ ದೊಡ್ಡ ತೊಡಕು. ಆದರೆ ಕೇಂದ್ರ ಸರ್ಕಾರದ ಡಯಾಲಿಸಿಸ್ ಯೋಜನೆ 2019ರಲ್ಲಿ ಈ ವಿಧಾನವನ್ನೂ ಒಳಗೊಂಡಿತು. ಹೊಟ್ಟೆಯ ಡಯಾಲಿಸಿಸ್ ನಮಗೆ ಒಗ್ಗುತ್ತದೆಯೇ ಎಂದು ಕಿಡ್ನಿ ವೈದ್ಯರನ್ನು ಮೊದಲೇ ಕೇಳಿರಿ.