ಸಂಜೆಗೆ ಮಡಚುವ ನೇರಳೆ ಎಲೆ

ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಒಂದು ಜಗಲಿಯ ಮೇಲೆ ನೇರಳೆ ಆಕ್ಸಾಲಿಸ್ ಕುಂಡಗಳ ಸಾಲೇ ಇದೆ. ಇದನ್ನು ಕ್ಲೋವರ್ ಎಂದು ಕರೆಯುವವರೂ ಉಂಟು. ಆದರೆ ನಿಜವಾದ ಕ್ಲೋವರ್ ಮೆಂತ್ಯದ ಬಳಗದ್ದು. ಈ ಆಕ್ಸಾಲಿಸ್ ದಕ್ಷಿಣ ಅಮೆರಿಕದಿಂದ ಬಂದ, ನಮ್ಮ ಹಿತ್ತಲಿನ ಪುಲ್ಲಂಪುರಚಿಯ ನೆಂಟ. ಎಲೆ ಕಚ್ಚಿದರೆ ಅದೇ ಹುಳಿ.

ಇವನ್ನು ಸಾಕಿದ ಅಜ್ಜಿಯ ಕೈಗುಣ ಎಂಥದ್ದು! ಕೆಮ್ಮಣ್ಣಿಗೆ ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ, ಗೆಡ್ಡೆಗಳನ್ನು ಒಂದೆರಡು ಅಂಗುಲದಷ್ಟೇ ಆಳಕ್ಕೆ ಊರುತ್ತಾರೆ. ಬೆರಳು ಚುಚ್ಚಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಎಲೆ ಮಗುಚಿ ಕಿತ್ತಳೆ ಪುಡಿಯಂಥ ತುಕ್ಕುರೋಗ ಹುಡುಕುತ್ತಾರೆ. ಕಂಡರೆ ಆ ಎಲೆ ತೊಟ್ಟುಸಮೇತ ಹೊರಗೆ.

ಬಿಸಿಲು ಬಿದ್ದಾಗ ಎಲೆ ನಡುವಿನ ನಸುಗೆಂಪು ಮಚ್ಚೆ ಎರಡು ಬಣ್ಣದ ಎಳೆ ಸೇರಿಸಿ ನೇಯ್ದ ರೇಷ್ಮೆಯಂತೆ ಹೊಳೆಯುತ್ತದೆ. ಕತ್ತಲಾದರೆ ಎಲೆಯ ಮೂರು ತ್ರಿಕೋನಗಳೂ ಕೆಳಕ್ಕೆ ಮಡಚಿಕೊಳ್ಳುತ್ತವೆ. ಎಲೆಬುಡದ ಕೀಲಿನಲ್ಲಿ ನೀರಿನ ಒತ್ತಡ ಏರಿಳಿದು ನಡೆಯುವ ಕೆಲಸವಿದು. ಆಕ್ಸಾಲಿಸ್ ಬಳಗದ ಈ ನಿದ್ದೆಯನ್ನು ಡಾರ್ವಿನ್ 1880ರಲ್ಲೇ ವಿವರವಾಗಿ ಬರೆದಿದ್ದರು.

ನಾನು ಎಲ್ಲಕ್ಕಿಂತ ಮೆಚ್ಚಿದ್ದು ಅಜ್ಜಿಯ ಬೇಸಿಗೆಯ ತಾಳ್ಮೆ. ಎಲೆ ಬಾಡಿ ಕುಂಡ ಬೋಳಾದರೆ ನೀರು ನಿಲ್ಲಿಸಿ, ನೆರಳಿಗಿಟ್ಟು, ಮಳೆಗೆ ಕಾಯುತ್ತಾರೆ. ಚಿಗುರಿ ಕುಂಡ ತುಂಬಿದರೆ ಗೆಡ್ಡೆ ಬಿಡಿಸಿ ಕೇಳಿದವರಿಗೆ ಒಂದೊಂದು ಹಿಡಿ ಕೊಡುತ್ತಾರೆ. ಜೊತೆಗೆ, “ಬೇಸ್ಗೇಲಿ ಒಣಗ್ತು ಅಂತ ಎಸೀಬೇಡ್ರಮ್ಮ” ಎಂಬ ಮಾತನ್ನೂ.